ಪೊಮೋನದ ಸಂತೆಯಲ್ಲಿ ಕಂಡ ಹಳೆಯ ಬಂಡಿ

ಪ್ರವಾಸ ಮಾಡಿ ಬಂದವರು ಕ್ಷೇತ್ರಮಹಿಮೆಯನ್ನೋ ಗಿರಿನದಿಗಳ ಸೊಬಗನ್ನೋ ಬರೆಯುವುದು ರೂಢಿ. ನಾವು ಬರೆಯಹೊರಟಿರುವುದು ಒಂದು ಹಳೆಯ ಮೋಟಾರು ಬಂಡಿಯ ವಿಚಾರ. ಮೂವತ್ತೆರಡು ವರ್ಷ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ಮೇಷ್ಟರಿಗೆ ಮೋಟಾರಿನ ಗೊಡವೆ ಏಕೆಂದು ವಾಚಕರು ನಗಬಹುದು. ನಗಲಿ. ನಮ್ಮ ಮನೆಯಲ್ಲಿ ನಾಲ್ಕು ವರ್ಷಗಳಿಂದ ಬಗೆಹರಿಯದಿದ್ದ ಒಂದು ವ್ಯಾಜ್ಯ ಆ ಬಂಡಿಯ ಮುಂದೆ ಬಗೆಹರಿಯಿತು. ಆದುದರಿಂದ ಅದಕ್ಕೆ ನಾವು ಋಣಿಗಳು.

ವ್ಯಾಜ್ಯವಿಷ್ಟು. ಹೊಳೇನರಸೀಪುರದ ಕಡೆ ನಮ್ಮ ಹಳ್ಳಿಯಲ್ಲಿ ತಾತಂದಿರು ಕಟ್ಟಿಸಿದ ತೊಟ್ಟಿಯ ಮನೆ ಒಂದುಂಟು. ಮಾಡು ಸೋರುತ್ತದೆ, ತೊಲೆಗಳಿಗೆ ಗೆದ್ದಲು ಹಿಡಿದಿದೆ, ಬಚ್ಚಲು ಹಿತ್ತಲಿನ ಕೊನೆಯಲ್ಲಿದೆ. ಕ್ಯಾಲಿಫೋರ್ನಿಯದಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗನು ಅದನ್ನು ಹೊಸ ಕ್ರಮದಲ್ಲಿ ಸರಿಪಡಿಸಿಕೊಡುವೆನೆಂದು ಹೇಳುತ್ತಲೇ ಇದ್ದನು. ಕೈಯಿಟ್ಟರೆ ಅದು ತಾತಂದಿರ ಮನೆಯಾಗಿ ಉಳಿಯದು ಎಂಬುದು ನಮ್ಮ ಹಟ. ಈ ಹಟವನ್ನೂ ಪೆಟ್ಟಿಗೆಯೊಡನೆ ಕಟ್ಟಿಕೊಂಡೇ ನಾವೂ ನಮ್ಮ ಮನೆಯವರೂ ಕಳೆದ ವರ್ಷ ಮಗನ ಮನೆಗೆ ಹೋದೆವು.

ಲಾಸ್ ಏಂಜಲೀಸ್ ನಗರಕ್ಕೆ ಪೂರ್ವದಲ್ಲಿ ಸುಮಾರು 30 ಮೈಲಿ ದೂರದಲ್ಲಿ ಪೊಮೋನ ಎಂಬ ಊರಿದೆ. ಪೊಮೋನ ಎಂದರೆ ರೋಮನರ ಫಲದೇವತೆ. ಒಂದು ಕಾಲಕ್ಕೆ ಆ ಸೀಮೆಯೆಲ್ಲ ಕಿತ್ತಿಳೆ ನಿಂಬೆಗಳ ತೋಟವಾಗಿದ್ದಿತು. ಈಗ ತೋಟಗಳು ಹೋಗಿ ದೇವತೆಯ ಹೆಸರು ಮಾತ್ರ ಉಳಿದಿದೆ. ಉತ್ತರದಲ್ಲಿ ಸ್ಯಾನ್ ಗೇಬ್ರಿಯಲ್ ಪರ್ವತಗಳು ಗೋಡೆಯಂತೆ ನಿಂತಿವೆ. ಊರಿನ ಅಂಚಿನಲ್ಲಿ, 1922ರಿಂದ ಆ ಜಿಲ್ಲೆಯ ಜಾತ್ರೆ ನೆರೆಯುವ ವಿಶಾಲವಾದ ಮೈದಾನವಿದೆ. ವರ್ಷದ ಕೆಲವು ಭಾನುವಾರಗಳಂದು ಅಲ್ಲಿ ನಸುಕಿನಲ್ಲಿಯೇ ಹಳೆಯ ಮೋಟಾರುಗಳ ಸಂತೆ ಸೇರುತ್ತದೆ. ಮಗನು ನಮ್ಮಿಬ್ಬರನ್ನೂ ಅಲ್ಲಿಗೆ ಕರೆದೊಯ್ದನು.

ನಮ್ಮ ದನಗಳ ಪರಿಷೆಯನ್ನು ಕಂಡವರಿಗೆ ಆ ಸಂತೆ ಹೊಸದಲ್ಲ. ಇಲ್ಲಿ ಹೋರಿಯ ಹಲ್ಲು ನೋಡುವಂತೆ ಅಲ್ಲಿ ಬಗ್ಗಿ ಎಂಜಿನು ನೋಡುತ್ತಾರೆ. ಒಬ್ಬನು ತುಕ್ಕು ಹಿಡಿದ ಬಾಗಿಲೊಂದನ್ನು ಕೂಸಿನಂತೆ ಎತ್ತಿಕೊಂಡು ಹೋಗುತ್ತಿದ್ದನು. ಇನ್ನೊಬ್ಬನು ಒಂಟಿ ದೀಪವನ್ನು ಹಿಡಿದು ಅದರ ಜೋಡಿಯನ್ನು ಅರಸುತ್ತಿದ್ದನು. ಅಂಗಡಿಸಾಲು ಮುಗಿಯುವೆಡೆಯಲ್ಲಿ ನಾವು ಹೇಳಹೊರಟ ಬಂಡಿ ನಿಂತಿದ್ದಿತು.

ಅದು 1932ರ ಫೋರ್ಡ್ ಕೂಪೆ. ಗಟ್ಟಿಯಾದ ಮಾಡು, ಎರಡು ಬಾಗಿಲು, ಒಳಗೆ ಇಬ್ಬರಿಗೆ ಆಸನವಿರುವ ಬಂಡಿಗೆ ಕೂಪೆಯೆಂದು ಹೆಸರು. ಮುಂದೆ ನೆಟ್ಟನೆಯ ಸರಳುಗಳ ಜಾಲರಿ. ಚಕ್ರಗಳ ಮೇಲೆ ಮಡ್ಗಾರ್ಡುಗಳಿಲ್ಲ. ಮಾಡಿನ ಕಂಬಗಳನ್ನು ಮೂರು ಅಂಗುಲದಷ್ಟು ಕತ್ತರಿಸಿ ಕೂಡಿಸಿದ್ದುದರಿಂದ ಹುಬ್ಬು ಗಂಟಿಕ್ಕಿದ ಮುಖದಂತೆ ಕಾಣುತ್ತಿದ್ದಿತು. ಇಂತಹ ಬಂಡಿಗಳನ್ನು ಆ ದೇಶದವರು ಹಾಟ್ ರಾಡ್ ಎಂದು ಕರೆಯುತ್ತಾರೆ.

ಈ ಬಂಡಿಗೆ ಇಷ್ಟು ಮರ್ಯಾದೆ ಬರಲು ಕಾರಣವುಂಟು. ಎಂಟು ಸಿಲಿಂಡರುಗಳ ಎಂಜಿನು ಸಿರಿವಂತರ ಸೊತ್ತಾಗಿದ್ದ ಕಾಲದಲ್ಲಿ, 1932ರಲ್ಲಿ, ಹೆನ್ರಿ ಫೋರ್ಡನು ಅದನ್ನು 500 ಡಾಲರಿಗೂ ಕಡಿಮೆ ಬೆಲೆಯ ಬಂಡಿಯಲ್ಲಿಟ್ಟು ಸಾಮಾನ್ಯರ ಕೈಗೆ ಕೊಟ್ಟನು. ಅದರ ಬಲ 65 ಅಶ್ವಶಕ್ತಿ. ಬಂಡಿಗಳು ಹಳೆಯವಾಗಿ ಅಗ್ಗವಾದಾಗ ಬಡ ತರುಣರು ಕೊಂಡು, ಭಾರ ಇಳಿಸಲು ಮಡ್ಗಾರ್ಡುಗಳನ್ನು ಕಳಚಿ, ಮೊಹಾವಿ ಮರುಭೂಮಿಯಲ್ಲಿ ಬತ್ತಿದ ಸರೋವರಗಳ ಗಟ್ಟಿನೆಲದ ಮೇಲೆ ಓಡಿಸಿದರು. 1937ರಲ್ಲಿ ಅವರ ತಂಡಗಳೆಲ್ಲ ಕೂಡಿ ಒಂದು ಸಂಘವಾಯಿತು. ಎರಡನೆಯ ಮಹಾಯುದ್ಧದಿಂದ ಹಿಂದಿರುಗಿದ ಸಿಪಾಯಿಗಳಿಂದ ಈ ಹುಚ್ಚು ಇಮ್ಮಡಿಯಾಗಿ, ಊರ ಬೀದಿಗಳಲ್ಲಿಯೇ ಪಂದ್ಯ ನಡೆದು ಪ್ರಾಣಗಳು ಹೋದವು. ಅದನ್ನು ಬೀದಿಯಿಂದ ಬಿಡಿಸಿ ನಿಯಮಕ್ಕೆ ಒಳಪಡಿಸಲೆಂದು ವಾಲಿ ಪಾರ್ಕ್ಸ್ ಎಂಬವರು 1951ರಲ್ಲಿ ರಾಷ್ಟ್ರೀಯ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಆ ಸಂಸ್ಥೆಯ ಮೊದಲನೆಯ ಅಧಿಕೃತ ಪಂದ್ಯ ನಡೆದುದು 1953ರ ಏಪ್ರಿಲಿನಲ್ಲಿ, ಇದೇ ಪೊಮೋನ ಮೈದಾನದ ಬಂಡಿ ನಿಲ್ಲಿಸುವ ಬಯಲಿನಲ್ಲಿ.

ಬಂಡಿಯ ಯಜಮಾನರು ನಮಗಿಂತ ಹತ್ತು ವರ್ಷ ಹಿರಿಯರು. ನಮ್ಮ ಕುತೂಹಲ ಕಂಡು ಬಾನೆಟ್ಟನ್ನು ತೆರೆದು ತೋರಿಸಿದರು. ಹಳೆಯ ಎಂಜಿನಿನ ಸುಳಿವೂ ಇಲ್ಲ! ಅಲ್ಲಿದ್ದುದು 2011ರ ಮಸ್ಟಾಂಗ್ ಬಂಡಿಯೊಡನೆ ಬಂದ 5 ಲೀಟರಿನ ಎಂಜಿನು. ಅದರ ಬಲ 412 ಅಶ್ವಶಕ್ತಿ. ಅಡಿಯ ಚೌಕಟ್ಟು ಹೊಸದು. ಸರಳುಗಳಿಂದ ಎಳೆಯುತ್ತಿದ್ದ ಹಳೆಯ ಬ್ರೇಕುಗಳ ಬದಲು ನಾಲ್ಕು ಚಕ್ರಗಳಿಗೂ ಡಿಸ್ಕ್ ಬ್ರೇಕು. ಒಳಗೆ ತಂಪು ಗಾಳಿ ಬೀಸುವ ಯಂತ್ರ. 1932ರವೆಂದು ಉಳಿದುದು ತಗಡಿನ ಮೈ, ಬಾಗಿಲುಗಳು, ಮುಂದಿನ ಜಾಲರಿ, ಇಷ್ಟೇ.

ನಮ್ಮೊಳಗಿನ ತಾರ್ಕಿಕನು ಸುಮ್ಮನಿರಲಿಲ್ಲ. "ಹಾಗಾದರೆ ಇದನ್ನು 1932ರ ಬಂಡಿಯೆಂದು ಕರೆಯುವುದು ಹೇಗೆ?" ಎಂದು ಕೇಳಿಯೇ ಬಿಟ್ಟೆವು. ಮಗನಿಗೆ ಸಂಕೋಚವಾಯಿತು. ವೃದ್ಧರು ನಕ್ಕರು.

"ಇದು ಹೊಲವೊಂದರಲ್ಲಿ ಬಿದ್ದಿದ್ದಿತು. ಎಂಜಿನು ಇರಲಿಲ್ಲ; ನೆಲ ತುಕ್ಕು ಹಿಡಿದು ಉದುರಿಹೋಗಿದ್ದಿತು. ಇನ್ನೆರಡು ಮಳೆಗಾಲ ಕಳೆದಿದ್ದರೆ ಗುಜರಿಗೆ ಹೋಗುತ್ತಿದ್ದಿತು. ಅದೋ ಅಲ್ಲಿ ನೋಡಿರಿ," ಎಂದು ಆಚೆಯ ಸಾಲಿನಲ್ಲಿದ್ದ ಇನ್ನೊಂದು ಕೂಪೆಯನ್ನು ತೋರಿಸಿದರು. ಅದು ಕಾರ್ಖಾನೆಯಿಂದ ಬಂದಂತೆಯೇ ಪೂರ್ಣವಾಗಿ ಉಳಿದಿದ್ದಿತು. "ಅದನ್ನು ಕತ್ತರಿಸುವವನೊಡನೆ ನಾನು ಮಾತನಾಡಲಾರೆ. ಪೂರ್ಣವಾಗಿ ಉಳಿದುದನ್ನು ಮುಟ್ಟಬಾರದು. ಹಾಳಾದುದನ್ನು ಹಾಗೆಯೇ ಬಿಡಲೂಬಾರದು. ನನ್ನ ಮೊಮ್ಮಗಳು ಇದನ್ನು ಹೊಡೆದುಕೊಂಡು ಅಂಗಡಿಗೆ ಹೋಗುತ್ತಾಳೆ. ಅವಳು ಕುಳಿತಿರುವಾಗ ಬ್ರೇಕು ಹಿಡಿಯಲೇಬೇಕಷ್ಟೆ."

ನಮಗೆ ಮಿಲಿಂದಪ್ರಶ್ನವೆಂಬ ಬೌದ್ಧಗ್ರಂಥದ ನೆನಪಾಯಿತು. ಅಲ್ಲಿ ನಾಗಸೇನನೆಂಬ ಭಿಕ್ಷುವು ಯವನರಾಜನಿಗೆ, ಚಕ್ರ ರಥವಲ್ಲ, ಅಚ್ಚು ರಥವಲ್ಲ, ಇವೆಲ್ಲ ಸೇರಿದಾಗ ಇಟ್ಟ ವ್ಯವಹಾರದ ಹೆಸರೇ ರಥವೆಂದು ತಿಳಿಸುತ್ತಾನೆ. ಇದನ್ನು ನಾವು ಗಂಭೀರವಾಗಿ ಮಗನಿಗೆ ವಿವರಿಸುತ್ತಿರುವಾಗ, ಅಷ್ಟುಹೊತ್ತೂ ಸುಮ್ಮನಿದ್ದ ನಮ್ಮ ಮನೆಯವರು ಬಾಯಿ ತೆರೆದರು.

"ಅದೆಲ್ಲ ನನಗೆ ತಿಳಿಯದು. 2015ರಲ್ಲಿ ಪುರಿಯ ಜಗನ್ನಾಥನಿಗೆ ನವಕಳೇಬರವಾಯಿತಲ್ಲ, ಹಳೆಯ ಮರದ ಮೈ ಬಿಟ್ಟು ಹೊಸ ಮರದ ಮೈ ಬಂದಿತಲ್ಲ. ಅಷ್ಟಕ್ಕೆ ಅವನು ಬೇರೆ ದೇವರಾದನೆ? ದೇವರಿಗೇ ಆಗುವುದಾದರೆ ನಮ್ಮ ಬಚ್ಚಲಿಗೆ ಏಕಾಗಬಾರದು? ಈ ಮಂಡಿನೋವಿನಲ್ಲಿ ಮಳೆಗಾಲದ ರಾತ್ರಿ ಹಿತ್ತಲಿಗೆ ನಡೆಯುವವಳು ನಾನು, ನೀವಲ್ಲ."

ಮಗನು ನಗಲಿಲ್ಲ, ನೆಲ ನೋಡುತ್ತ ನಿಂತನು. ನಾವೂ ಮಾತನಾಡಲಿಲ್ಲ. ನಾಲ್ಕು ವರ್ಷ ತಾತಂದಿರ ಹೆಸರು ಹೇಳಿಕೊಂಡು ನಾವು ಕಾಪಾಡಿದುದು ಮನೆಯನ್ನಲ್ಲ, ಮನೆಯ ಹಾಳನ್ನು. ಅದರೊಳಗೆ ಬಾಳಬೇಕಾದವರ ನೋವನ್ನು ಒಮ್ಮೆಯೂ ಕೇಳಿರಲಿಲ್ಲ. ತಾತಂದಿರು ಆ ಮನೆ ಕಟ್ಟಿಸಿದುದು ಮೊಮ್ಮಕ್ಕಳು ನೋಡಲೆಂದೇನೂ ಅಲ್ಲವಷ್ಟೆ.

ಹಿಂದಿರುಗುವ ದಾರಿಯಲ್ಲಿ ಮಗನಿಗೆ ಹೇಳಿದೆವು: "ತೊಟ್ಟಿ ಹಾಗೆಯೇ ಇರಬೇಕು. ಪಡಸಾಲೆಯ ಆರು ಕಂಬಗಳಿಗೆ ಹುಳು ಹಿಡಿದಿಲ್ಲ, ಅವು ಕದಲಬಾರದು. ಗಜಲಕ್ಷ್ಮಿಯಿರುವ ಹೆಬ್ಬಾಗಿಲು ಇರಬೇಕು. ಉಳಿದುದೆಲ್ಲ ನಿನ್ನ ಇಷ್ಟ."

"ಆಗಲಿ ಅಣ್ಣ," ಎಂದನು. ಸ್ವಲ್ಪ ಹೊತ್ತು ಬಿಟ್ಟು, "ಬಚ್ಚಲಿನ ಗೋಡೆಗೆ ಹಿಡಿದು ಏಳಲು ಸರಳು ಹಾಕಿಸೋಣ," ಎಂದನು. ಅವನು ಇದನ್ನೆಲ್ಲ ಮೊದಲೇ ಯೋಚಿಸಿದ್ದನೆಂದು ಆಗ ತಿಳಿಯಿತು.

ಈ ಬೇಸಗೆಯಲ್ಲಿ ಕೆಲಸ ನಡೆಯಿತು. ಹೆಂಚಿಳಿಸಿದ ದಿನ ನೋಡಲಾರದೆ ನಾವು ದೇವಸ್ಥಾನದ ಕಟ್ಟೆಯ ಮೇಲೆ ಕುಳಿತಿದ್ದೆವು. ಮೊದಲನೆಯ ಮಳೆ ಬಂದ ರಾತ್ರಿ ಎಚ್ಚರವಾಗಿ, ಅಭ್ಯಾಸಬಲದಿಂದ ಸೋರುವ ಕಡೆ ಪಾತ್ರೆಯಿಡಲು ಎದ್ದೆವು. ಎಲ್ಲಿಯೂ ಸೋರುತ್ತಿರಲಿಲ್ಲ. ತೊಟ್ಟಿಯೊಳಗೆ ಮಾತ್ರ ಎಂದಿನಂತೆ ಮಳೆ ಬೀಳುತ್ತಿದ್ದಿತು.