ಹಿಂದಿನ ಬೆಂಚಿನಲ್ಲಿ ಕುಳಿತು ಕಲಿತ ಪಾಠ

ಮಠದ ಆಶ್ರಯದಲ್ಲಿ ಅನ್ನ, ಅಕ್ಷರ ಎರಡನ್ನೂ ಪಡೆದು ಬೆಳೆದವನು ನಾನು. ವ್ಯಾಕರಣ ಒಲಿಯಿತು, ಕಾವ್ಯ ಒಲಿಯಿತು. ಗಣಿತ ಮಾತ್ರ ಕೊನೆಯವರೆಗೂ ದೂರವೇ ಉಳಿಯಿತು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ 'ವ್ಯವಹಾರ ಗಣಿತ'ವನ್ನು ರಚಿಸಿದನೆಂದು ಸಾಹಿತ್ಯ ಚರಿತ್ರೆಯ ಪಾಠದಲ್ಲಿ ಎಷ್ಟೋ ಮಕ್ಕಳಿಗೆ ಅಭಿಮಾನದಿಂದ ಹೇಳಿದ್ದೇನೆ. ಆದರೆ ಆ ಗ್ರಂಥದ ಒಂದೇ ಒಂದು ಲೆಕ್ಕವನ್ನೂ ಬಿಡಿಸಿ ನೋಡಿದವನಲ್ಲ. ಇಂಥ ನನಗೆ ಸೇವಾ ಹಿರಿತನದ ಬಲದಿಂದ ಒಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯನ ಪೀಠ ದೊರೆಯಿತು. ಆ ಪೀಠದಲ್ಲಿ ಕುಳಿತು ನಾನು ಮಾಡಿದ ಒಂದು ತಪ್ಪನ್ನೂ ಅದರಿಂದ ಕಲಿತ ಪಾಠವನ್ನೂ ಓದುಗ ಬಂಧುಗಳ ಮುಂದೆ ನಿವೇದಿಸಿಕೊಳ್ಳುವುದು ಈ ಲೇಖನದ ಉದ್ದೇಶ.

ಹತ್ತನೆಯ ತರಗತಿಯ ಫಲಿತಾಂಶವೆಂಬುದು ಶಾಲೆಯ ಮಾನದ ಪ್ರಶ್ನೆಯಾಗಿರುವುದು ತಮಗೆಲ್ಲ ತಿಳಿದ ಸಂಗತಿ. ಅನುತ್ತೀರ್ಣರಾದ ಮಕ್ಕಳಲ್ಲಿ ಹೆಚ್ಚಿನವರು ಎಡವುವುದು ಗಣಿತದಲ್ಲಿಯೇ ಎಂಬುದನ್ನು ಕಂಡು ನಾನು ನಮ್ಮ ಗಣಿತ ಶಿಕ್ಷಕರನ್ನು ಕರೆಸಿ, ಸಹೋದ್ಯೋಗಿಗಳೆಲ್ಲರ ಎದುರಿನಲ್ಲಿ ಕಟುವಾಗಿ ನುಡಿದೆ. ಆ ಸಜ್ಜನರು ತಲೆ ತಗ್ಗಿಸಿ ನಿಂತರು. ಮರುವರ್ಷ ನಮ್ಮಲ್ಲಿಯೂ 'ಪಾಸಿಂಗ್ ಪ್ಯಾಕೇಜ್' ಬಂದಿತು. ಹಿಂದುಳಿದ ಮಕ್ಕಳಿಗೆ ಜ್ಯಾಮಿತಿಯ ರಚನೆ, ನಕ್ಷೆ, ಒಂದೆರಡು ಪ್ರಮೇಯಗಳು, ಸೂತ್ರಗಳ ಪಟ್ಟಿ, ಇಷ್ಟನ್ನೇ ಡಿಸೆಂಬರಿನಿಂದ ಪರೀಕ್ಷೆಯವರೆಗೆ ಹಗಲಿರುಳು ಉರುಹೊಡೆಸಲಾಯಿತು. ಫಲಿತಾಂಶ ಏರಿತು. ನನಗೆ ಶಾಲು ಹೊದಿಸಿ ಸನ್ಮಾನಿಸಿದರು. ನಾನೂ ಹಿಗ್ಗಿನಿಂದಲೇ ಅದನ್ನು ಸ್ವೀಕರಿಸಿದೆ.

ಎರಡು ವರ್ಷಗಳ ತರುವಾಯ ಊರ ಜಾತ್ರೆಯಲ್ಲಿ ಬೆಂಡು ಬತ್ತಾಸಿನ ಅಂಗಡಿಯಲ್ಲಿದ್ದ ತರುಣನೊಬ್ಬ ಎದ್ದು ಬಂದು ನನ್ನ ಪಾದ ಮುಟ್ಟಿದ. ಅದೇ ಪ್ಯಾಕೇಜಿನಲ್ಲಿ ಉತ್ತೀರ್ಣನಾದ ಹುಡುಗ. ಪಾಲಿಟೆಕ್ನಿಕ್ ಸೇರಿದ್ದನಲ್ಲ, ಏನಾಯಿತೆಂದು ಕೇಳಿದೆ. ಮೊದಲ ವರ್ಷದ ಗಣಿತವನ್ನೇ ದಾಟಲಾಗದೆ ಬಿಟ್ಟು ಬಂದೆನೆಂದ. ಆಮೇಲೆ ಅವನು ಆಡಿದ ಮಾತು ಇಂದಿಗೂ ಕಿವಿಯಲ್ಲಿದೆ: "ನಮ್ಮನ್ನ ಪಾಸ್ ಮಾಡಿಸಿದ್ರಿ ಗುರುಗಳ, ಲೆಕ್ಕಾ ಮಾತ್ರ ಕಲಿಸಲಿಲ್ಲ. ಅಲ್ಲಿ ಹೋದ ಮ್ಯಾಲ ಗೊತ್ತಾತು. ಬರೋ ವರ್ಷ ನನ್ನ ತಂಗಿ ಎಂಟನೇತ್ತಾಕ ನಿಮ್ಮ ಸಾಲಿಗೇ ಬರ್ತಾಳ್ರಿ. ಅಕಿಗರೆ ಕಲಸ್ರಿ."

ಅವನ ದನಿಯಲ್ಲಿ ಕೋಪವಿರಲಿಲ್ಲ. ಬತ್ತಾಸು ಕಟ್ಟಿಕೊಟ್ಟು, ಹಣ ಬೇಡವೆಂದ. ಹೊದಿಸಿಕೊಂಡ ಶಾಲು ಅಂದು ನನಗೆ ಭಾರವಾಯಿತು.

ಮರುದಿನವೇ ಗಣಿತ ಶಿಕ್ಷಕರ ಬಳಿಗೆ ನಾನೇ ಹೋಗಿ, "ಅಂದು ನಾನು ಹಾಗೆ ಮಾತನಾಡಬಾರದಿತ್ತು. ನನ್ನಿಂದ ತಮಗೆ ಏನು ಸಹಾಯವಾಗಬೇಕು, ಹೇಳಿರಿ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುರುಗಳೆ, ಒಂದು ವಾರ ತಾವು ಎಂಟನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿರಿ" ಎಂದರು.

ಕುಳಿತೆ. ಅರ್ಧ ಮತ್ತು ಮೂರನೆಯ ಒಂದು ಭಾಗ ಕೂಡಿದರೆ ಎಷ್ಟು ಎಂದು ಅವರು ಕೇಳಿದರೆ, ಅನೇಕ ಮಕ್ಕಳು ಐದನೆಯ ಎರಡು ಎಂದು ಬರೆದರು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದರು. ಶಿಕ್ಷಕರು ರೊಟ್ಟಿಯ ಚಿತ್ರ ಬರೆದು, "ಅರ್ಧ ರೊಟ್ಟಿಯ ಮೇಲೆ ಇನ್ನೊಂದಿಷ್ಟು ಹಾಕಿದರೆ, ಅದು ಅರ್ಧಕ್ಕಿಂತ ಕಡಿಮೆ ಆದೀತೇ?" ಎಂದಾಗ ಮಕ್ಕಳು ನಕ್ಕರು; ಆರನೆಯ ಐದು ಭಾಗವಾಗುವುದನ್ನು ತಾವೇ ಎಣಿಸಿ ಕಂಡುಕೊಂಡರು. ಆದರೆ ಆ ಒಂದು ಬೆಳಕು ಮೂಡಲು ಇಡೀ ಅವಧಿ ಬೇಕಾಯಿತು. ಪಠ್ಯದ ವೇಗವೋ ಅವರನ್ನು ಮುಂದಕ್ಕೆ ತಳ್ಳುತ್ತಿತ್ತು. ಹತ್ತನೆಯ ತರಗತಿಯ ಸೋಲು ಎಂಟನೆಯ ತರಗತಿಯಲ್ಲಿ, ಅದಕ್ಕೂ ಹಿಂದೆ ಮೊಳೆಯುತ್ತದೆಂಬುದನ್ನು ನಾನು ಕಣ್ಣಾರೆ ಕಂಡೆ.

ಆ ವಾರದಲ್ಲಿ ಮತ್ತೊಂದು ಸಂಗತಿಯೂ ಮನವರಿಕೆಯಾಯಿತು. ಗಣಿತ ಬಾರದ ಮುಖ್ಯೋಪಾಧ್ಯಾಯನು ಗಣಿತ ಶಿಕ್ಷಕನಿಗೆ ಗಣಿತವನ್ನು ಕೊಡಲಾರ. ಆದರೆ ಸಮಯವನ್ನು ಕೊಡಬಲ್ಲ. ನಮ್ಮ ಶಿಕ್ಷಕರು ವಿಜ್ಞಾನವನ್ನೂ ಬೋಧಿಸುತ್ತಿದ್ದರು. ಲೆಕ್ಕ ಬಲ್ಲವರೆಂಬ ಕಾರಣಕ್ಕೆ ಬಿಸಿಯೂಟದ ಲೆಕ್ಕ, ವಿದ್ಯಾರ್ಥಿವೇತನದ ಪಟ್ಟಿ, ಸೈಕಲ್ ವಿತರಣೆಯ ದಾಖಲೆಗಳೆಲ್ಲ ಅವರ ತಲೆಗೇ ಕಟ್ಟಿದ್ದವು. ಆ ಪುಸ್ತಕಗಳನ್ನು ನಾನೇ ಎತ್ತಿಕೊಂಡೆ. ಮಧ್ಯಾಹ್ನದ ಕೊನೆಯ ಅವಧಿಗೆ ಬಿದ್ದಿದ್ದ ಗಣಿತವನ್ನು ವೇಳಾಪಟ್ಟಿಯಲ್ಲಿ ಬೆಳಗಿನ ಹೊತ್ತಿಗೆ ತಂದೆವು. ಎಂಟನೆಯ ತರಗತಿಯ ಮೊದಲ ವಾರಗಳನ್ನು ಹಿಂದಿನ ತರಗತಿಗಳ ಭಿನ್ನರಾಶಿ, ಋಣಸಂಖ್ಯೆಗಳಿಗೇ ಮೀಸಲಿಟ್ಟೆವು.

ಎರಡನೆಯದಾಗಿ, ಪ್ರತಿ ಕಿರುಪರೀಕ್ಷೆಯ ನಂತರ ಅಂಕಪಟ್ಟಿಯೊಡನೆ ಒಂದು 'ತಪ್ಪುಗಳ ಪುಸ್ತಕ'ವನ್ನೂ ಇಡತೊಡಗಿದೆವು. ಯಾರಿಗೆ ಎಷ್ಟು ಅಂಕ ಎಂಬುದಲ್ಲ, ಯಾವ ಹೆಜ್ಜೆಯಲ್ಲಿ ಎಷ್ಟು ಮಂದಿ ಎಡವಿದರು ಎಂಬುದು ಅದರಲ್ಲಿರುತ್ತಿತ್ತು. ಮೂರನ್ನೂ ನಾಲ್ಕನ್ನೂ ಕೂಡಿ ವರ್ಗ ಮಾಡಿದರೆ 49. ಬೇರೆ ಬೇರೆಯಾಗಿ ವರ್ಗ ಮಾಡಿ ಕೂಡಿದರೆ 25. ಇವೆರಡನ್ನೂ ಒಂದೇ ಎಂದು ತಿಳಿದ ಮಗುವಿಗೆ ವರ್ಗ ಸಮೀಕರಣವನ್ನು ಎಷ್ಟು ಸಲ ಬರೆಸಿದರೂ ಫಲವೇನು? ನನ್ನಂಥ ಪಂಡಿತನೂ ಆ ಪುಸ್ತಕವನ್ನು ಓದಿ ಅರ್ಥ ಮಾಡಿಕೊಳ್ಳಬಹುದಾಗಿತ್ತು.

ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು 2006ರಲ್ಲಿ ಪ್ರಕಟಿಸಿದ ಗಣಿತ ಬೋಧನೆಯ ನಿಲುವು ಪತ್ರವು ನಾಲ್ಕು ತೊಡಕುಗಳನ್ನು ಹೆಸರಿಸಿದೆ: ಮಕ್ಕಳಲ್ಲಿರುವ ಭಯ ಮತ್ತು ಸೋಲಿನ ಭಾವ, ನಿರಾಶೆ ತರುವ ಪಠ್ಯಕ್ರಮ, ಒರಟಾದ ಮೌಲ್ಯಮಾಪನ, ಶಿಕ್ಷಕರಿಗೆ ಸಾಲದ ಸಿದ್ಧತೆ. ಪಠ್ಯಕ್ರಮವನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಉಳಿದ ಮೂರನ್ನು ತಕ್ಕಮಟ್ಟಿಗೆ ಹಗುರ ಮಾಡುವುದು ಶಾಲೆಯ ಹಿರಿಯನ ಕೈಯಲ್ಲಿದೆ.

ಈ ಬದಲಾವಣೆಯ ಮೊದಲ ವರ್ಷ ಫಲಿತಾಂಶ ತುಸು ಇಳಿಯಿತು. ಆಡಳಿತ ಮಂಡಳಿಯ ಸಭೆಯಲ್ಲಿ ಪ್ರಶ್ನೆ ಎದ್ದಿತು. ಹಿಂದೆ ಯಾರನ್ನು ನಿಂದಿಸಿದ್ದೆನೋ ಅವರ ಪರವಾಗಿ ಅಂದು ನಾನು ನಿಲ್ಲಬೇಕಾಯಿತು. "ಹೊಣೆ ನನ್ನದು, ಮೂರು ವರ್ಷ ಅವಕಾಶ ಕೊಡಿರಿ" ಎಂದು ಕೇಳಿಕೊಂಡೆ. ಶಿಕ್ಷಕನಿಗೆ ಮುಖ್ಯೋಪಾಧ್ಯಾಯನು ನೀಡಬಲ್ಲ ಬಹು ದೊಡ್ಡ ಬೆಂಬಲ ಇದೇ ಎಂದು ನನ್ನ ನಂಬಿಕೆ.

ಪರೀಕ್ಷೆಯ ವಿಷಯದಲ್ಲಿ ಪ್ರಾಮಾಣಿಕತೆಯ ಮಾತನ್ನೂ ಆಡಬೇಕಾಗಿದೆ. 2024ರಲ್ಲಿ ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದಿತು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ, ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆಯೂ, ಶೇ. 73.40ಕ್ಕೆ ಇಳಿಯಿತು. ಮಕ್ಕಳನ್ನು ಹಳಿಯಲು ಈ ಅಂಕಿಗಳನ್ನು ಹೇಳುತ್ತಿಲ್ಲ. ನಮ್ಮಂಥ ಹಿರಿಯರು ಕನ್ನಡಿ ನೋಡಿಕೊಳ್ಳಲೆಂದು ಹೇಳುತ್ತಿದ್ದೇನೆ. ಗಣಿತದ 80 ಅಂಕಗಳ ಲಿಖಿತ ಪರೀಕ್ಷೆಯ ಜೊತೆಗಿರುವ 20 ಆಂತರಿಕ ಅಂಕಗಳನ್ನು ಎಲ್ಲರಿಗೂ ತುಂಬಿ ಕೊಡುವುದು ಔದಾರ್ಯವಲ್ಲ. ಮಗುವಿಗೆ ಸಲ್ಲಬೇಕಾದ ನಿಜವನ್ನು ಮರೆಮಾಚುವುದು.

ಇದಲ್ಲದೆ, 2021ರ ರಾಷ್ಟ್ರೀಯ ಸಾಧನಾ ಸಮೀಕ್ಷೆ, 2024ರ ಡಿಸೆಂಬರಿನಲ್ಲಿ 3, 6 ಮತ್ತು 9ನೆಯ ತರಗತಿಗಳಿಗೆ ನಡೆದ ಪರಖ್ ಸಮೀಕ್ಷೆಗಳಂಥವು ಮಗುವನ್ನು ಉತ್ತೀರ್ಣ, ಅನುತ್ತೀರ್ಣ ಎಂದು ವಿಂಗಡಿಸಲು ಇರುವಂಥವಲ್ಲ. ಆಯ್ದ ಶಾಲೆಗಳ ಮೂಲಕ ವ್ಯವಸ್ಥೆಯ ನಾಡಿಯನ್ನು ಹಿಡಿದು ನೋಡುವಂಥವು. ವೈದ್ಯರು ನಾಡಿ ಹಿಡಿಯುವಾಗ ಆರೋಗ್ಯವಂತರಂತೆ ನಟಿಸಿದರೆ ಕೆಡುವುದು ನಮ್ಮ ದೇಹವೇ. ಅಂಥ ದಿನಕ್ಕಾಗಿ ಮಕ್ಕಳಿಗೆ ಉತ್ತರ ಹೇಳಿಕೊಡದಿರುವುದು ಮುಖ್ಯೋಪಾಧ್ಯಾಯನ ಕರ್ತವ್ಯ.

ಜಾತ್ರೆಯಲ್ಲಿ ಸಿಕ್ಕ ಹುಡುಗನ ತಂಗಿ ಮೂರು ವರ್ಷ ನಮ್ಮಲ್ಲಿ ಓದಿದಳು. ಗಣಿತದಲ್ಲಿ ಅವಳಿಗೆ ಬಂದ ಅಂಕಗಳು ಸಾಧಾರಣವಾದವು, ಶಾಲು ಹೊದಿಸುವಂಥವಲ್ಲ. ಆದರೆ ಹತ್ತನೆಯ ತರಗತಿಯಲ್ಲಿದ್ದಾಗ ಒಮ್ಮೆ ಎಂಟನೆಯ ತರಗತಿಯ ಮಗುವಿಗೆ ಅರ್ಧ ರೊಟ್ಟಿಯ ಲೆಕ್ಕವನ್ನು ಅವಳು ನೆಲದ ಮೇಲೆ ಗೆರೆ ಎಳೆದು ವಿವರಿಸುತ್ತಿದ್ದುದನ್ನು ಕಂಡೆ. "ಯಾಕಂದ್ರ" ಎಂಬ ಮಾತು ಅವಳ ಬಾಯಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ನನ್ನ ಸೇವಾವಧಿಯಲ್ಲಿ ನನಗೆ ದೊರೆತ ನಿಜವಾದ ಸನ್ಮಾನ ಅದು.

ತಂದೆ ತಾಯಂದಿರಲ್ಲಿ ನನ್ನದೊಂದು ವಿನಂತಿ. ಶಾಲೆಗೆ ಹೋದಾಗ "ನಿಮ್ಮ ಫಲಿತಾಂಶ ಶೇಕಡಾ ಎಷ್ಟು?" ಎಂದು ಮಾತ್ರ ಕೇಳಬೇಡಿರಿ. "ನನ್ನ ಮಗುವಿಗೆ ಯಾವುದು ತಿಳಿದಿಲ್ಲ, ಅದಕ್ಕೆ ಏನು ಮಾಡುತ್ತಿದ್ದೀರಿ?" ಎಂದು ಕೇಳಿರಿ. ಸಂಸ್ಥೆಗಳನ್ನು ನಡೆಸುವ ಹಿರಿಯರೂ ಇದೇ ಪ್ರಶ್ನೆಯನ್ನು ಕೇಳುವಂತಾಗಲಿ. ಮುಖ್ಯೋಪಾಧ್ಯಾಯರು ವರ್ಷಕ್ಕೊಮ್ಮೆಯಾದರೂ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಲಿ. ಪೀಠದ ಮೇಲಿಂದ ಕಾಣದ ಎಷ್ಟೋ ಸಂಗತಿಗಳು ಅಲ್ಲಿಂದ ಕಾಣುತ್ತವೆ.