ಕೊಬ್ಬರಿಗೆ ಪ್ರವೇಶವಿಲ್ಲ

ನಮ್ಮ ಬಳಗದಲ್ಲಿ ನನಗೊಂದು ಬಿರುದಿದೆ: ಉಗ್ರಾಣದ ಮಾವ. ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಸವೆಸಿದರೂ ಒಬ್ಬ ನೆಂಟನೂ ನನ್ನನ್ನು ಮ್ಯಾನೇಜರ್ ಅಂತ ಕರೆಯಲಿಲ್ಲ. ಮೂರು ದಿನ ಛತ್ರದ ಉಗ್ರಾಣ ಕಾಯ್ದದ್ದಕ್ಕೆ ಈ ಹೆಸರು ಮಾತ್ರ ಅಂಟಿಕೊಂಡುಬಿಟ್ಟಿತು.

ಅದು 1988ರ ಅಕ್ಕನ ಮದುವೆ. ಅಪ್ಪ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, "ಬೀಗರೇ ಬಂದು ಬೆಲ್ಲ ಕೇಳಿದರೂ ಭಟ್ಟರ ಚೀಟಿ ಇಲ್ಲದೆ ಕೊಡಬೇಡ" ಅಂದರು. ಅದನ್ನು ಜನಿವಾರಕ್ಕೆ ಕಟ್ಟಿಕೊಂಡೆ. ಬಾಳೆ ಎಲೆಯ ಕಟ್ಟು, ಗೋಣಿಚೀಲ, ತುಪ್ಪದ ಡಬ್ಬ, ಬೆವರುವ ಬೆಲ್ಲ ಎಲ್ಲ ಸೇರಿದ ಆ ಕತ್ತಲೆ ಕೋಣೆಯ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಧಾರೆಯ ಹೊತ್ತಿಗೆ ಓಲಗದವರು ಗಟ್ಟಿಮೇಳ ಹಿಡಿದಾಗ ಬೀಗ ಜಡಿದು ಓಡಿದೆ. ಎಲ್ಲರ ತಲೆಗಳ ಹಿಂದಿನಿಂದ ಅಕ್ಷತೆ ಎಸೆದೆ. ಅದು ಯಾರೋ ಬೀಗಿತ್ತಿಯ ಜಡೆಗೆ ಬಿತ್ತು. ನಾನು ನೋಡಿದ ಮದುವೆ ಅಷ್ಟೆ. ಕೊನೆಗೆ ಬಾಡಿಗೆ ಪಾತ್ರೆ ಒಪ್ಪಿಸುವಾಗ ಒಂದು ಸೌಟು ಕಡಿಮೆ ಬಂತು. ದಂಡ ಕಟ್ಟಿ ಮನೆಗೆ ಬಂದು ಗಂಟು ಬಿಚ್ಚಿದರೆ ಸೌಟು ನಮ್ಮ ಜಮಖಾನದೊಳಗೇ ಇತ್ತು. ಇವತ್ತಿಗೂ ನಮ್ಮ ಮನೆಯ ಹುಳಿ ಅದರಲ್ಲೇ ಬಡಿಸುವುದು.

ಈಗ ಆ ಅಕ್ಕನ ಮಗಳು ಪುಟ್ಟಿಯ ಮದುವೆ. ಬಾಲಿಯಲ್ಲಂತೆ.

"ವಾಲಿಯಾ?" ಅಂದಳು ದೊಡ್ಡತ್ತೆ. ಎಂಬತ್ತಾರು ದಾಟಿದೆ, ಕಿವಿ ತುಸು ದೂರ. "ಸುಗ್ರೀವನ ಅಣ್ಣನ ಊರಾ? ಒಳ್ಳೇದಾಯ್ತು ಬಿಡು, ಹಂಪಿ ನೋಡಿ ಎಷ್ಟೋ ವರ್ಷ ಆಯ್ತು. ಹೊಸಪೇಟೆವರೆಗೂ ರೈಲಿದೆ."

ಇದು ಇಂಡೋನೇಷ್ಯಾದ ದ್ವೀಪ, ಬೆಂಗಳೂರಿನಿಂದ ವಿಮಾನದಲ್ಲೇ ಸುಮಾರು ಏಳು ಗಂಟೆ ಅಂತ ಬಿಡಿಸಿ ಹೇಳುವಷ್ಟರಲ್ಲಿ ಅವಳ ಮುಖ ಸಣ್ಣಗಾಯಿತು. ಪುಟ್ಟಿ ಕೊಟ್ಟ ಕಾರಣ ಸರಳ: ಹುಡುಗ ಸಿಂಗಪುರದಲ್ಲಿದ್ದಾನೆ, ಅವನ ಸ್ನೇಹಿತರು ನಾಲ್ಕು ದೇಶಗಳಲ್ಲಿದ್ದಾರೆ, ಎಲ್ಲರಿಗೂ ಅನುಕೂಲದ ಜಾಗ. ಎಲ್ಲರೂ ಅಂದರೆ ಅರವತ್ತು ಜನ. ಅಕ್ಕನ ಮದುವೆಗೆ ಎಂಟು ನೂರು ಎಲೆ ಬಿದ್ದಿದ್ದವು, ಅದರಲ್ಲಿ ಇನ್ನೂರು ಎಲೆಯವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಅರವತ್ತರ ಪಟ್ಟಿ ಮಾಡಿ ನೋಡಿ; ಇಬ್ಬರು ಚಿಕ್ಕಪ್ಪಂದಿರು ಮುಗಿಯುವಷ್ಟರಲ್ಲಿ ಹಾಳೆ ತುಂಬುತ್ತದೆ. ದೊಡ್ಡತ್ತೆಗೆ ಮೊಣಕಾಲು ನೋವು, ಪಾಸ್‌ಪೋರ್ಟ್ ಇಲ್ಲ, ಅಷ್ಟು ದೂರ ಕೂರಲು ಆಗುವುದಿಲ್ಲ ಅಂತ ನಾವೇ ತೀರ್ಮಾನಿಸಿದೆವು. "ನಾನು ಬರೋದಿಲ್ಲ ಅಂತ ನೀವೇ ಹೇಳಿದ್ದು ಒಳ್ಳೇದಾಯ್ತಪ್ಪ. ಇಲ್ಲದಿದ್ರೆ ನಾನೇ ಹೇಳಬೇಕಾಗಿತ್ತು" ಅಂದು ಅವಳು ಅವರೆಕಾಯಿ ಬಿಡಿಸುವುದನ್ನು ಮುಂದುವರಿಸಿದಳು.

ಮದುವೆ ಮಾಡಿಸುವ ಕಂಪನಿಯ ಹುಡುಗಿಯೊಂದಿಗೆ ವಿಡಿಯೊ ಕಾಲ್ ಇಟ್ಟುಕೊಂಡರು. ನಾನೂ ಇಸ್ತ್ರಿ ಅಂಗಿ ಹಾಕಿ, ನೋಟ್‌ಬುಕ್ ಹಿಡಿದು ಕೂತೆ. ಮಾತು ಮುಗಿಯುತ್ತ ಬಂದಾಗ ಕೇಳಿದೆ, "ಉಗ್ರಾಣ ಯಾವ ಕಡೆ ಬರುತ್ತಮ್ಮಾ?"

"ಅಂಕಲ್, ಸ್ಟೋರ್ಸ್ ಎಲ್ಲ ರೆಸಾರ್ಟ್‌ನವರೇ ನೋಡ್ಕೋತಾರೆ. ನೀವು ಬಂದು ರಿಲ್ಯಾಕ್ಸ್ ಮಾಡಿ, ಅಷ್ಟೆ!"

ಮದುವೆಗೆ ಹೋಗಿ ಆರಾಮಾಗಿರುವವರನ್ನು ನಮ್ಮ ಕಡೆ ಬೀಗರು ಅನ್ನುತ್ತಾರೆ. ನೋಟ್‌ಬುಕ್ ಮುಚ್ಚಿದೆ. ಆಮೇಲೆ ಆ ಹುಡುಗಿ ಹೋಮದ ಜ್ವಾಲೆ ಎಷ್ಟು ಎತ್ತರ ಬರುತ್ತದೆ ಅಂತ ಕೇಳಿದಳು. ಅದು ತುಪ್ಪ ಹಾಕುವವನ ಕೈಯಲ್ಲಿದೆ ಅಂದೆ. ಕಾಶೀಯಾತ್ರೆಗೆ ಏನೇನು ಬೇಕು ಅಂದಳು. ಛತ್ರಿ, ಕೋಲು, ಪಾದುಕೆ. ಹೊರಟ ವರನನ್ನು ತಡೆದು ನಿಲ್ಲಿಸುವುದು ಹೆಣ್ಣಿನ ಕಡೆಯವರ ಹೊಣೆ. ಇಲ್ಲಿ ಆ ತಾಪತ್ರಯವಿಲ್ಲ, ಹತ್ತು ಹೆಜ್ಜೆ ಇಟ್ಟರೆ ಸಮುದ್ರವೇ ತಡೆಯುತ್ತದೆ.

ಅವರು ಕಳಿಸಿದ ಖರ್ಚಿನ ಅಂದಾಜು ಪಟ್ಟಿಯನ್ನು ಮಾತ್ರ ಕಾದಂಬರಿಯಂತೆ ಓದಿದೆ. ಹೂವು, ಕುರ್ಚಿ, ದೀಪ, ನಡುವೆ ಒಂದು ಸಾಲು: ಪಾವಾಂಗ್ ಹುಜಾನ್. ತಿಂಡಿಯಿರಬೇಕು ಅಂದುಕೊಂಡೆ. ವಿಚಾರಿಸಿದರೆ ಅದು ಮಳೆ ತಡೆಯುವ ಮನುಷ್ಯ. ಮಂತ್ರ ಹೇಳಿ, ಧೂಪ ಹಾಕಿ, ಮೋಡವನ್ನು ಪಕ್ಕದ ಊರಿಗೆ ಅಟ್ಟುತ್ತಾನಂತೆ. 2022ರಲ್ಲಿ ನೆರೆಯ ಲೊಂಬೊಕ್ ದ್ವೀಪದ ಮೋಟೊ ಜಿಪಿ ಬೈಕ್ ರೇಸಿಗೂ ಇಂಥ ಒಬ್ಬ ಹೆಂಗಸನ್ನು ಕರೆಸಿದ್ದರು. ನಾವು ವೈಶಾಖದಲ್ಲಿ ಮದುವೆ ಇಟ್ಟುಕೊಂಡದ್ದು. ಅಲ್ಲಿ ಮಳೆಗಾಲ ನವೆಂಬರಿನಿಂದ ಮಾರ್ಚ್‌ವರೆಗೆ, ಆಮೇಲೆ ಒಣಹವೆ. ಆದರೂ ಇರಲಿ ಅಂತ ಹಾಕಿದ್ದರು. ಮಳೆ ಬರಲಿ ಅಂತ ಕಪ್ಪೆಗಳಿಗೆ ಮದುವೆ ಮಾಡಿಸುವ ನಾಡಿನವರು ನಾವು. ಮನುಷ್ಯರ ಮದುವೆಗೆ ಮಳೆ ಬಾರದಿರಲಿ ಅಂತ ದುಡ್ಡು ಕೊಡಲು ಹೊರಟಿದ್ದೆವು. ಇದ್ದ ಪಟ್ಟಿಯಲ್ಲೆಲ್ಲ ನನಗೆ ಒಪ್ಪಿಗೆಯಾದ ಖರ್ಚು ಅದೊಂದೇ. ಅವನೂ ನನ್ನ ಹಾಗೆಯೇ, ಕಾವಲಿಗೆ ಕೂರುವವನು.

ದುಡ್ಡಿನ ಮಾತು ಬಂತಲ್ಲ. ಅಲ್ಲಿ ಇಳಿದೊಡನೆ ವೀಸಾಕ್ಕೆ ಐದು ಲಕ್ಷ, ಬಾಲಿಯ ಪ್ರವಾಸಿ ಶುಲ್ಕ ಒಂದೂವರೆ ಲಕ್ಷ. ಈ ಎರಡನೆಯದು 2024ರ ಫೆಬ್ರವರಿಯಲ್ಲಿ ಶುರುವಾದದ್ದು. "ತಲೆಗೆ ಆರೂವರೆ ಲಕ್ಷ ಕಣೇ" ಅಂತ ಹೆಂಡತಿಗೆ ಹೇಳಿ, ಅವಳು ಕುರ್ಚಿ ಹಿಡಿದುಕೊಂಡ ಮೇಲೆ, ಅದು ಅವರ ರೂಪಿಯಾ, ನಮ್ಮ ಲೆಕ್ಕದಲ್ಲಿ ಮೂರೂವರೆ ಸಾವಿರದ ಆಸುಪಾಸು ಅಂತ ಸೇರಿಸಿದೆ. ಎರಡು ದಿನ ಮಾತು ಬಿಟ್ಟಳು.

ಸಾಮಾನು ಕಟ್ಟುವ ಕೆಲಸ ನನಗೇ ಸಿಕ್ಕಿತು, ಅಥವಾ ನಾನೇ ಕಿತ್ತುಕೊಂಡೆ. ದೊಡ್ಡತ್ತೆ ಅಟ್ಟದಿಂದ ಕೊಬ್ಬರಿ ಗಿಟುಕು ಇಳಿಸಿಕೊಟ್ಟಳು. ಐದು ಜೊತೆ, ತೊಳೆದು ಒರೆಸಿ, ಅಂಚಿಗೆ ಅರಿಸಿನ ಬಳಿದದ್ದು. ಇಷ್ಟನ್ನೂ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿಟ್ಟೆ. ಪುಟ್ಟಿ ನೋಡಿ ಹೌಹಾರಿದಳು. "ಮಾವ, ಕೊಬ್ಬರಿ ಫ್ಲೈಟಲ್ಲಿ ಬಿಡಲ್ಲ!"

ನಂಬದೆ ವಿಚಾರಿಸಿದೆ. ನಿಜ. ಅಪಾಯಕಾರಿ ಸಾಮಾನುಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ನಮ್ಮ ಕೊಬ್ಬರಿಗೊಂದು ನಂಬರೇ ಇದೆ, ಯು.ಎನ್. 1363. ತನ್ನಷ್ಟಕ್ಕೆ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಸಾಲಿಗೆ ಸೇರಿಸಿದ್ದಾರೆ. ಎಣ್ಣೆಯಂಶ ಹೆಚ್ಚು, ರಾಶಿ ಹಾಕಿದರೆ ಒಳಗೇ ಕಾವೇರುತ್ತದೆ. ದೊಡ್ಡತ್ತೆಗೆ ವರದಿ ಒಪ್ಪಿಸಿದೆ.

"ಅರವತ್ತು ವರ್ಷ ಇದೇ ಅಟ್ಟದಲ್ಲಿಟ್ಟಿದ್ದೀನಿ. ಒಂದು ದಿನ ಹೊತ್ತಿಕೊಂಡಿಲ್ಲ. ಇಲಿ ತಿಂದಿದೆ, ಅಷ್ಟೆ. ಇಲಿಗೂ ಏನೂ ಆಗ್ಲಿಲ್ಲ" ಅಂದಳು. ಗಿಟುಕುಗಳನ್ನು ಒಂದೊಂದಾಗಿ ಎಣಿಸಿ ವಾಪಸು ತೆಗೆದುಕೊಂಡಳು.

ವೀಳ್ಯದೆಲೆಯದು ಇನ್ನೊಂದು ಚಿಂತೆ. ಅಷ್ಟರಲ್ಲಿ ಪುಟ್ಟಿ, ಜಾಗ ನೋಡಿಕೊಂಡು ಬರಲು ಹೋಗಿದ್ದಾಗ ತೆಗೆದ ಒಂದು ಫೋಟೊ ತೋರಿಸಿದಳು. ಹೊಸ್ತಿಲ ಮುಂದೆ ತೆಂಗಿನ ಎಳೆಗರಿಯಲ್ಲಿ ಹೆಣೆದ ಅಂಗೈಯಗಲದ ತಟ್ಟೆ, ಅದರೊಳಗೆ ಬಣ್ಣಬಣ್ಣದ ಹೂವು, ಒಂದು ಊದುಬತ್ತಿ. ಚಾನಾಂಗ್ ಸಾರಿ ಅನ್ನುತ್ತಾರಂತೆ. ದಿನವೂ ಹೆಂಗಸರು ದೇವರಿಗೆಂದು ಇಡುವುದು. ಹೂವಿನ ಅಡಿಯಲ್ಲಿ ಎಲೆ, ಅಡಿಕೆ, ಸುಣ್ಣ ಇರಲೇಬೇಕು. ದೊಡ್ಡತ್ತೆ ಫೋನನ್ನು ಮೂಗಿನ ಹತ್ತಿರ ಹಿಡಿದಳು. ಬೆರಳು ತಾಗಿ ಚಿತ್ರ ಹಾರಿಹೋಯಿತು, ಮತ್ತೆ ತಂದುಕೊಟ್ಟೆ, ಮತ್ತೆ ಹಾರಿತು. ಮೂರನೆಯ ಸಲ ಸೆರಗಿನಲ್ಲಿ ಬೆರಳು ಸುತ್ತಿಕೊಂಡು ನೋಡಿದಳು. "ಎಲೆ ಅಡಿಕೆ ಇಟ್ಟು ಕರೀತಾರೆ ಅಂದ್ರೆ ಮರ್ಯಾದಸ್ಥರು" ಅಂದಳು. ನಮ್ಮ ಮದುವೆಯ ಕರೆಯೋಲೆ ವಾಟ್ಸಾಪಿನಲ್ಲಿ ಹೋಗಿತ್ತು. ನಾನು ತೆಪ್ಪಗಿದ್ದೆ.

ಆ ಕರೆಯೋಲೆಯಲ್ಲಿ ಗಂಡಸರಿಗೆ ಬೀಚ್ ಫಾರ್ಮಲ್ ಅಂತ ಬೇರೆ ಬರೆದಿತ್ತು. ನನಗೊಂದು ಬಿಳಿ ಲಿನನ್ ಪ್ಯಾಂಟು ಹೊಲಿಸಿದರು. ಹಾಕಿಕೊಂಡರೆ ಆಸ್ಪತ್ರೆಯ ವಾರ್ಡ್ ಬಾಯ್. ಆ ಊರಿನ ಗಂಡಸರು ದೇವಸ್ಥಾನಕ್ಕೆ ಹೋಗುವುದು ಪಂಚೆಯಂಥ ಕಾಮೆನ್ ಉಟ್ಟು, ತಲೆಗೆ ಉದೆಂಗ್ ಎಂಬ ಪೇಟ ಸುತ್ತಿ. ನಮ್ಮ ಪಂಚೆ ಶಲ್ಯಕ್ಕೆ ಅಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಪುರೋಹಿತರು ಮಾತ್ರ ಅಲುಗಾಡಲಿಲ್ಲ. ಲಗ್ನವನ್ನು ಆ ಊರಿನ ಅಕ್ಷಾಂಶ ರೇಖಾಂಶಕ್ಕೆ ಲ್ಯಾಪ್‌ಟಾಪಿನಲ್ಲಿ ಗುಣಿಸಿ, ಎರಡೂವರೆ ಗಂಟೆ ಮುಂದಿರುವ ಅಲ್ಲಿಯ ಗಡಿಯಾರಕ್ಕೆ ಹೊಂದಿಸಿಟ್ಟಿದ್ದರು. ಸಂಕಲ್ಪದಲ್ಲಿ ಭರತಖಂಡ, ಗೋದಾವರಿಯ ದಕ್ಷಿಣ ತೀರ ಅನ್ನುತ್ತೇವಲ್ಲ, ಅಲ್ಲಿ ಏನು ಹೇಳುವುದು ಅಂದೆ. "ಅದು ನನಗೆ ಬಿಡಿ. ಆದರೆ ಶಾಲಿವಾಹನ ಶಕೆ ಬದಲಾಯಿಸಬೇಕಿಲ್ಲ ರಾಯರೇ, ಅವರದೂ ಅದೇ ಶಕೆ" ಅಂದರು. ಅವರ ಹೊಸ ವರ್ಷ ನ್ಯೆಪಿ, 2023ರಲ್ಲಿ ನಮ್ಮ ಯುಗಾದಿಯ ದಿನವೇ, ಮಾರ್ಚ್ 22ರಂದು ಬಂದಿತ್ತು. ಆ ದಿನ ದೀಪವಿಲ್ಲ, ಬೆಂಕಿಯಿಲ್ಲ, ಬೀದಿಗೆ ಕಾಲಿಡುವಂತಿಲ್ಲ. ವಿಮಾನ ನಿಲ್ದಾಣವನ್ನೂ ಇಡೀ ದಿನ ಮುಚ್ಚುತ್ತಾರೆ. "ಹಬ್ಬದ ದಿನ ಒಲೆ ಹಚ್ಚೋ ಹಾಗಿಲ್ವಾ? ಯಾರೋ ಹೆಂಗಸು ಮಾಡಿದ ಶಾಸ್ತ್ರ ಅದು" ಅಂದಳು ದೊಡ್ಡತ್ತೆ.

ತೊಡಕು ಬಂದದ್ದು ಕೊನೆಗೆ, ನಕ್ಷತ್ರದಲ್ಲಿ. ಮದುಮಗಳಿಗೆ ಧ್ರುವನನ್ನೂ ಅರುಂಧತಿಯನ್ನೂ ತೋರಿಸಬೇಕು. ಬಾಲಿ ಇರುವುದು ಭೂಮಧ್ಯರೇಖೆಯಿಂದ ಎಂಟು ಡಿಗ್ರಿ ದಕ್ಷಿಣಕ್ಕೆ. ಅರುಂಧತಿ ಉತ್ತರದಲ್ಲಿ ತಗ್ಗಿನಲ್ಲಿ ಕಾಣುತ್ತಾಳೆ; ಧ್ರುವ ದಿಗಂತದ ಕೆಳಗೆ, ಕಾಣುವುದೇ ಇಲ್ಲ. ಪುರೋಹಿತರು ನಕ್ಕರು: "ಛತ್ರದಲ್ಲಿ ಹಗಲು ಹನ್ನೊಂದಕ್ಕೆ ಸೀಲಿಂಗ್ ಫ್ಯಾನ್ ಕಡೆ ಕೈ ಮಾಡಿ ತೋರಿಸ್ತೀವಲ್ಲ, ಅದರಲ್ಲಿ ಯಾರಿಗೆ ಕಂಡಿದೆ?" ದೊಡ್ಡತ್ತೆ ನಗಲಿಲ್ಲ. "ಕಾಣದಿದ್ರೂ ಅಲ್ಲಿರ್ತಾನೆ ಅಂತ ತಾನೇ ತೋರ್ಸೋದು? ಅಲ್ಲಿ ಇರೋದೇ ಇಲ್ಲವಲ್ಲ. ಇಲ್ಲೇ ತೋರಿಸಿ ಕಳಿಸಿ."

ಹೊರಡುವ ಹಿಂದಿನ ರಾತ್ರಿ ಪುಟ್ಟಿಯನ್ನು ಮೈಸೂರಿನ ನಮ್ಮ ತಾರಸಿಗೆ ಕರೆದುಕೊಂಡು ಹೋದೆ. ಇಲ್ಲಿ ಧ್ರುವ ಹನ್ನೆರಡು ಡಿಗ್ರಿ ಮಾತ್ರ ಮೇಲಿರುವವನು, ಮನೆಮನೆಗಳ ನೀರಿನ ಟ್ಯಾಂಕಿನ ಮಟ್ಟಕ್ಕೆ. ಉತ್ತರಕ್ಕೆ ಪಕ್ಕದ ಮನೆ ಮೇಷ್ಟ್ರ ಹೊಸ ಎರಡನೇ ಮಹಡಿ. ಇಣುಕಿದೆವು, ಬಗ್ಗಿದೆವು, ಕುರ್ಚಿ ಹತ್ತಿದೆವು. ಮೇಷ್ಟ್ರು ಅವರ ಕಡೆಯಿಂದ, "ಏನು ರಾಯರೇ, ಬೆಕ್ಕಾ?" ಅಂದರು. ವಿಷಯ ಹೇಳಿದೆ. "ಇಲ್ಲಿಗೇ ಬನ್ನಿ" ಅಂದರು.

ಅವರು ಹೈಸ್ಕೂಲಿನಲ್ಲಿ ಭೂಗೋಳ ಹೇಳುತ್ತಿದ್ದವರು. ಅಕ್ಕನ ಮದುವೆಯಲ್ಲಿ ಬಾಗಿಲಲ್ಲಿ ನಿಂತು ಎಂಟು ನೂರು ಜನಕ್ಕೂ ಪನ್ನೀರು ಚಿಮುಕಿಸಿದವರು ಅವರೇ. ಅರವತ್ತರ ಪಟ್ಟಿಯಲ್ಲಿ ಅವರಿಲ್ಲ. ಪುಟ್ಟಿಯ ಹೆಗಲ ಹಿಂದೆ ನಿಂತು ಸಪ್ತರ್ಷಿಗಳನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ತೋರಿಸಿದರು. ವಸಿಷ್ಠನ ಪಕ್ಕದಲ್ಲಿ ಅರುಂಧತಿ, ಕಣ್ಣು ಕಿರಿದು ಮಾಡಿ ನೋಡು. ಈಗ ಪುಲಹ, ಕ್ರತು, ಆ ಎರಡರಿಂದ ನೇರ ಗೆರೆ ಎಳಿ, ಇನ್ನೂ ಕೆಳಗೆ, ಇನ್ನೂ, ಆ ತೆಂಗಿನ ಮರದ ಎಡಕ್ಕೆ.

"ಇಷ್ಟು ಚಿಕ್ಕದಾ?" ಅಂದಳು ಪುಟ್ಟಿ.

"ದೊಡ್ಡದಲ್ಲ ಕಣಮ್ಮ ಅದು. ಇದ್ದಲ್ಲೇ ಇರುತ್ತೆ, ಅಷ್ಟೆ."

ಮೆಟ್ಟಿಲು ಇಳಿಯುವಾಗ ಏನಾದರೂ ಹೇಳಬೇಕು ಅಂತ ನಾನು ಗಂಟಲು ಸರಿಮಾಡಿಕೊಂಡೆ. ಟಿಕೆಟ್ಟು, ವೀಸಾ, ಮಕ್ಕಳದೇ ಏರ್ಪಾಡು ಅಂತ ಏನೇನೋ ನಾಲಿಗೆ ತುದಿಗೆ ಬಂತು. ಮೇಷ್ಟ್ರೇ ಮೊದಲು ಮಾತಾಡಿದರು.

"ಎಷ್ಟು ದಿನ ಆಗುತ್ತೆ ಬರೋದು?"

"ಆರು ದಿನ."

"ದೊಡ್ಡತ್ತೆ ಒಬ್ಬರೇ ಇರ್ತಾರಲ್ಲ, ನಮ್ಮವಳು ರಾತ್ರಿ ಬಂದು ಮಲಗ್ತಾಳೆ. ಒಂದು ಬೀಗದ ಕೈ ಕೊಟ್ಟು ಹೋಗಿ."

ಮನೆಗೆ ಹೋಗಿ ಗೂಟದಿಂದ ತೆಗೆದು ತಂದು ಅವರ ಅಂಗೈಯಲ್ಲಿಟ್ಟೆ. ಅವರು ಅದನ್ನು ಬನಿಯನ್ನಿನೊಳಗಿನಿಂದ ಎಳೆದ ಜನಿವಾರಕ್ಕೆ ಕಟ್ಟಿಕೊಂಡು, ಗೇಟು ಹಾಕಿಕೊಳ್ಳಲು ಹೇಳಿ, ಒಳಗೆ ಹೋದರು.