ಅಪ್ಪನ ಅಳತೆಯ ಕೋವಿ

ಕೊಡಗಿನ ನಮ್ಮಂಥ ಮನೆಗಳಲ್ಲಿ ಕೋವಿಯ ಪ್ರಸ್ತಾಪ ಬಂದರೆ ಏನೆಲ್ಲ ಮಾತು ಬರುತ್ತದೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧದ ವಿನಾಯಿತಿ ಕೊಟ್ಟದ್ದು, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದದ್ದು, ಅಜ್ಜನ ಗುರಿ, ಯಾರದೋ ಬೇಟೆ. ಕೋವಿ ಹಿಡಿದರೆ ಕತ್ತು ನೋಯುತ್ತದೆ ಎಂದು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನಾನೂ ಬಿಟ್ಟಿರಲಿಲ್ಲ. ಹೆಂಗಸು ಬೇರೆ, ನೋಯುತ್ತದೆ ಎಂದರೆ ಮುಂದಿನ ಮಾತು ಏನಿರುತ್ತದೆಂದು ಗೊತ್ತಿತ್ತು.

ನನ್ನ ಪಾಲಿಗೆ ಬಂದದ್ದು ಅಪ್ಪನ ಪಾಯಿಂಟ್ 22 ರೈಫಲ್. ಅಪ್ಪ ಆರಡಿಯ ಆಳು, ನಾನು ಅವರ ಭುಜಕ್ಕೂ ಬರುವವಳಲ್ಲ. ಬಟ್ಟನ್ನು ಮೊಣಕೈ ಮಡಿಕೆಗೆ ಒತ್ತಿ ಹಿಡಿದರೆ ಬೆರಳು ಟ್ರಿಗರಿಗೆ ಸಲೀಸಾಗಿ ಎಟುಕಬೇಕು ಎಂಬುದು ಹಳಬರ ಲೆಕ್ಕ. ನನಗೆ ಎಟುಕುತ್ತಿರಲಿಲ್ಲ. ಸೊಂಟ ಹಿಂದಕ್ಕೆ ಬಾಗಿಸಿ, ಕುತ್ತಿಗೆ ಮುಂದಕ್ಕೆ ಚಾಚಿ ಹೊಡೆಯುತ್ತಿದ್ದೆ. ಮೇಲೆ ಒಂದು ಸ್ಕೋಪ್ ಕೂರಿಸಿದೆ. ಅದಕ್ಕೆ ಸುರಿದ ದುಡ್ಡಿನ ಬಗ್ಗೆ ಎರಡನೆಯ ಸಲ ಯೋಚಿಸಲಿಲ್ಲ, ಏಕೆಂದರೆ ಅದು ನಾಲ್ಕು ಜನರ ಕಣ್ಣಿಗೆ ಬೀಳುವಂಥದ್ದು. ಹಳೆಯ ರೈಫಲಿನ ಮರದ ಹಿಡಿಯನ್ನು ಕೆತ್ತಿದ್ದು ನಳಿಗೆಯ ಮೇಲಿನ ಗುರಿಗೂಟದ ಎತ್ತರಕ್ಕೆ. ಸ್ಕೋಪ್ ಅದಕ್ಕಿಂತ ಮೇಲಿರುತ್ತದೆ. ಅಷ್ಟೆತ್ತರಕ್ಕೆ ಕಣ್ಣು ತರಲು ಹೋದರೆ ಕೆನ್ನೆ ಮರದಿಂದ ಎದ್ದು, ಗದ್ದವಷ್ಟೇ ಅದಕ್ಕೆ ತಾಗುತ್ತದೆ. ತಲೆಗೆ ನೆಲೆಯಿಲ್ಲ. ಕಣ್ಣು ಒಂದಿಷ್ಟು ಸರಿದರೂ ಗಾಜಿನ ಅಂಚಿನಲ್ಲಿ ಕಪ್ಪು ಮೂಡುತ್ತದೆ, ಗೆರೆ ಗುರಿಯ ಮೇಲಿಂದ ಜಾರಿದಂತೆ ಕಾಣುತ್ತದೆ.

ಪರಿಹಾರಕ್ಕೆ ಹೆಚ್ಚೇನೂ ಬೇಕಾಗಲಿಲ್ಲ. ಸವೆದ ಯೋಗದ ಚಾಪೆಯ ತುಂಡುಗಳನ್ನು ಹಿಡಿಯ ಮೇಲೆ ಒಂದೊಂದಾಗಿ ಪೇರಿಸುತ್ತ, ಗುಂಡಿಲ್ಲದ ಕೋವಿಗೆ ಕಣ್ಣು ಮುಚ್ಚಿ ಕೆನ್ನೆಯಿಟ್ಟು, ಕಣ್ಣು ತೆರೆದು ನೋಡುವುದು. ಸ್ಕೋಪಿನ ವೃತ್ತ ತುಂಬಿ ಕಂಡಾಗ ನಿಲ್ಲಿಸಿ, ಮೇಲೆ ಸೈಕಲ್ ಟ್ಯೂಬನ್ನು ಬಿಗಿಯಾಗಿ ಸುತ್ತುವುದು. ಹಿಂದಕ್ಕೆ ಎಳೆದ ಬೋಲ್ಟ್ ತಾಗದಷ್ಟು ಜಾಗ ಬಿಡಬೇಕು. ಅಂಟು ಬೇಡ, ನಮ್ಮ ಮಳೆಗೆ ಫೋಮಿನಡಿ ತೇವ ಕೂತು ಮರ ಊದುತ್ತದೆ, ಪಕ್ಕದ ಕಬ್ಬಿಣಕ್ಕೆ ತುಕ್ಕು ಹತ್ತುತ್ತದೆ. ಆಗಾಗ ಬಿಚ್ಚಿ ಒಣಗಿಸಲೇಬೇಕು. ಕಬ್ಬಿಣದ ಭಾಗಕ್ಕಂತೂ ಗರಗಸ ತಾಗಿಸಬಾರದು. ನಳಿಗೆ ಮೊಟಕು ಮಾಡುವುದಕ್ಕೆ 1959ರ ಆಯುಧ ಕಾಯ್ದೆಯಲ್ಲಿ ಪ್ರತ್ಯೇಕ ಪರವಾನಗಿ ಬೇಕು.

ಹಿಡಿಯ ಉದ್ದ ತಗ್ಗಿಸುವ ಕೆಲಸಕ್ಕೆ ಕೈಹಾಕಿದಾಗಲೇ ನನ್ನ ಬಂಡವಾಳ ಬಯಲಾಯಿತು. ಮರ ಕೊಯ್ಯಲು ಮನಸ್ಸು ಒಪ್ಪದೆ ಬಟ್ಟಿನ ದಪ್ಪ ರಬ್ಬರನ್ನು ಬಿಚ್ಚಿದೆ. ಅದು ಕಾರ್ಖಾನೆಯದಲ್ಲ. ತಮ್ಮ ಉದ್ದ ತೋಳಿಗೆ ಸಾಲದೆಂದು ಅಪ್ಪ ಯಾವುದೋ ಟಯರಿನಿಂದ ಕತ್ತರಿಸಿ, ಎರಡು ಸ್ಕ್ರೂ ಬಿಗಿದು ಕೂರಿಸಿದ್ದು. ಪಾಯಿಂಟ್ 22 ಒದೆಯುವುದೇ ಕಡಿಮೆ. ಅಷ್ಟು ದಪ್ಪದ ರಬ್ಬರ್ ಒದೆತಕ್ಕೆ ಬೇಕಿರಲಿಲ್ಲ. ಅವರು ಕೋವಿಯನ್ನು ತಮ್ಮ ಮೈಗೆ ಹೊಂದಿಸಿಕೊಂಡಿದ್ದರು, ಅಷ್ಟೇ. ಅದನ್ನೇ ನಾನು ಮುಟ್ಟಬಾರದ ಪಿತ್ರಾರ್ಜಿತವೆಂದು ಕಾಪಾಡಿಕೊಂಡು ಬಂದಿದ್ದೆ. ಅಪ್ಪನ ನೆನಪಿಗೆ ಮರ್ಯಾದೆ ಎಂದುಕೊಂಡಿದ್ದರಲ್ಲಿ ಸೋಮಾರಿತನ ಎಷ್ಟು, ಜಂಬ ಎಷ್ಟು ಎಂದು ಬಿಡಿಸಿ ನೋಡಿದರೆ ಜಂಬದ ಪಾಲೇ ಜಾಸ್ತಿ. ನೋವು ಸಹಿಸುವವಳು ಎನಿಸಿಕೊಳ್ಳುವ ಆಸೆ ನನಗೆ ಗುರಿ ಹೊಡೆಯುವ ಆಸೆಗಿಂತ ದೊಡ್ಡದಿತ್ತು.

ರಬ್ಬರಿನ ಜಾಗಕ್ಕೆ ಹವಾಯಿ ಚಪ್ಪಲಿಯ ತೆಳು ಅಟ್ಟೆ ಬಂತು. ಬೆರಳು ಟ್ರಿಗರಿಗೆ ಎಟುಕಿತು, ಕತ್ತಿನ ನೋವೂ ಹೋಯಿತು. ಗುರಿಗಿಟ್ಟ ತೆಂಗಿನಕಾಯಿ ಮಾತ್ರ ಈಗಲೂ ಆಗಾಗ ತಪ್ಪುತ್ತದೆ. ಅದಕ್ಕೆ ಕೋವಿಯನ್ನು ದೂರುವಂತಿಲ್ಲ.

ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಎಂಬ ಹೂ ಏರಿಸಿ ಪೂಜೆಗಿಡುವ ಮುಂಚೆ ಆ ಟ್ಯೂಬು, ಚಾಪೆ ಎಲ್ಲ ಬಿಚ್ಚಿಡುತ್ತೇನೆ. ಯಾರಾದರೂ ಕೇಳಿದರೆ ಮಳೆಯ ತೇವ ಅನ್ನುತ್ತೇನೆ. ತೇವವೂ ನಿಜವೇ. ಆದರೆ ಬಿಚ್ಚುವುದು ನೆಂಟರು ನೋಡುತ್ತಾರೆಂದು.